ರೆಪೊ ಇಳಿದರೆ ಚಿತ್ರದುರ್ಗದಲ್ಲಿ ಯಾರ ಬಡ್ಡಿ ಇಳಿಯುತ್ತದೆ?

2025ರ ಜೂನ್ 6ರಂದು ರಿಸರ್ವ್ ಬ್ಯಾಂಕ್ ತನ್ನ ರೆಪೊ ದರವನ್ನು ಒಂದೇ ಏಟಿಗೆ ಅರ್ಧ ಪರ್ಸೆಂಟ್ ಇಳಿಸಿ ಶೇ 5.50ಕ್ಕೆ ತಂದಿತು. ಅದೇ ತಿಂಗಳ 15ರಿಂದ ಸ್ಟೇಟ್ ಬ್ಯಾಂಕಿನ ಉಳಿತಾಯ ಖಾತೆಗಳ ಬಡ್ಡಿ ಶೇ 2.70ರಿಂದ 2.50ಕ್ಕೆ ಇಳಿಯಿತು. ಚಿತ್ರದುರ್ಗದಲ್ಲಿ ರೆಪೊಗೆ ಜೋಡಿಸಿದ ಗೃಹಸಾಲ ಪಡೆದವರಿಗೆ ಮೂರು ತಿಂಗಳ ಒಳಗೆ ಅದರ ಲಾಭ ಸಿಗಬೇಕಿತ್ತು. ಹಳೆಯ ಎಂಸಿಎಲ್‌ಆರ್ (ಬ್ಯಾಂಕಿನ ಹಣದ ಖರ್ಚನ್ನು ಆಧರಿಸಿದ ದರ) ಲೆಕ್ಕದ ಸಾಲಗಾರರು ತಮ್ಮ ಸಾಲದ ವಾರ್ಷಿಕ ಮರುಹೊಂದಾಣಿಕೆಯ ದಿನ ಬರುವವರೆಗೆ ಕಾಯಬೇಕಾಯಿತು. ಸೊಸೈಟಿಯಲ್ಲಿ ಶೂನ್ಯ ಬಡ್ಡಿಯ ಬೆಳೆಸಾಲ ಎತ್ತಿದ್ದ ಹೊಸದುರ್ಗದ ರೈತನಿಗೆ ಏನೂ ಬದಲಾಗಲಿಲ್ಲ. ಹಿರಿಯೂರಿನಲ್ಲಿ ಮೈಕ್ರೊಫೈನಾನ್ಸ್ ಕಂತು ಕಟ್ಟುತ್ತಿದ್ದ ಮಹಿಳೆಯರಿಗೂ ಬದಲಾಗಲಿಲ್ಲ, ಏಕೆಂದರೆ ಆ ಸಾಲದ ಬಡ್ಡಿ ಪಡೆದ ದಿನವೇ ನಿಗದಿಯಾಗಿರುತ್ತದೆ.

ಮುಂಬೈನಲ್ಲಿ ಕೈಗೊಂಡ ಒಂದೇ ತೀರ್ಮಾನ ಒಂದೇ ಜಿಲ್ಲೆಯ ಜನರನ್ನು ಇಷ್ಟು ಬೇರೆ ಬೇರೆ ವೇಗದಲ್ಲಿ ತಲುಪುವುದು ಏಕೆ? ಬ್ಯಾಂಕುಗಳ ಆಲಸ್ಯ ಅಥವಾ ದುರಾಸೆಯೇ ಇದಕ್ಕೆ ಕಾರಣ ಎಂದು ಹೇಳಿ ಮುಗಿಸುವವರಿದ್ದಾರೆ. ಆ ಮಾತಿನಲ್ಲಿ ಸ್ವಲ್ಪ ಸತ್ಯವಿದ್ದರೂ ಅಷ್ಟರಿಂದ ವಿಷಯ ಅರ್ಥವಾಗುವುದಿಲ್ಲ. ಉತ್ತರ ಇರುವುದು ಬ್ಯಾಂಕಿನ ಲೆಕ್ಕಪತ್ರದ ಇನ್ನೊಂದು ಬದಿಯಲ್ಲಿ, ಅಂದರೆ ಅದು ಸಾಲ ಕೊಡಲು ಹಣ ತರುವ ಜಾಗದಲ್ಲಿ. ಯಾವ ಹಣವನ್ನು, ಯಾರಿಂದ, ಎಷ್ಟು ದಿನಕ್ಕೆ ಬ್ಯಾಂಕು ತಂದಿದೆಯೋ ಅದೇ ರಿಸರ್ವ್ ಬ್ಯಾಂಕಿನ ನಿರ್ಧಾರದ ಬಿಸಿ ಯಾರಿಗೆ ಮೊದಲು ತಟ್ಟಬೇಕೆಂದು ತೀರ್ಮಾನಿಸುತ್ತದೆ.

ಮೊದಲು ಒಂದು ಸಾಮಾನ್ಯ ನಂಬಿಕೆಯನ್ನು ಪಕ್ಕಕ್ಕಿಡಬೇಕು. ಜನರಿಟ್ಟ ಠೇವಣಿಯನ್ನೇ ಎತ್ತಿ ಬ್ಯಾಂಕು ಸಾಲ ಕೊಡುತ್ತದೆ ಎಂದು ಬಹುತೇಕರು ತಿಳಿದಿದ್ದಾರೆ. ನಡೆಯುವ ಕ್ರಮ ಹಾಗಿಲ್ಲ. ಭೀಮಸಮುದ್ರದ ಅಡಿಕೆ ವರ್ತಕನೊಬ್ಬನಿಗೆ ಬ್ಯಾಂಕು 20 ಲಕ್ಷ ರೂಪಾಯಿ ಸಾಲ ಮಂಜೂರು ಮಾಡಿದರೆ ಆ ಮೊತ್ತ ಅವನ ಖಾತೆಗೆ ಜಮೆಯಾಗುತ್ತದೆ. ಆ ಕ್ಷಣಕ್ಕೆ ಸಾಲವೂ ಠೇವಣಿಯೂ ಒಟ್ಟಿಗೇ ಹುಟ್ಟಿದವು. ಮಾರನೆಯ ದಿನ ವರ್ತಕ ಅಡಿಕೆ ಕೊಂಡು ಹೊಳಲ್ಕೆರೆ ತಾಲ್ಲೂಕಿನ ಬೆಳೆಗಾರನ ಖಾತೆಗೆ ದುಡ್ಡು ಕಳಿಸುತ್ತಾನೆ. ಬೆಳೆಗಾರನ ಖಾತೆ ಬೇರೆ ಬ್ಯಾಂಕಿನಲ್ಲಿದ್ದರೆ ಮೊದಲ ಬ್ಯಾಂಕು ರಿಸರ್ವ್ ಬ್ಯಾಂಕಿನಲ್ಲಿಟ್ಟಿರುವ ತನ್ನ ಖಾತೆಯಿಂದ ಅಷ್ಟೂ ಹಣ ತೆರಬೇಕು. ಹಣ ಹೊಂದಿಸುವ ಚಿಂತೆ ಶುರುವಾಗುವುದು ಇಲ್ಲಿಂದ. ಸಾಲವನ್ನು ಲೇಖನಿಯಿಂದ ಸೃಷ್ಟಿಸಬಹುದು, ಆದರೆ ಅದು ಹೊರಗೆ ಹರಿದಾಗ ತುಂಬಿಕೊಡಲು ನಿಜವಾದ ಹಣ ಬೇಕು.

ಆ ಹಣಕ್ಕೆ ಬ್ಯಾಂಕಿನ ಮುಂದೆ ಹಲವು ದಾರಿಗಳಿವೆ. ಬಡ್ಡಿಯೇ ಇಲ್ಲದ ಚಾಲ್ತಿ ಖಾತೆ, ಅಲ್ಪ ಬಡ್ಡಿಯ ಉಳಿತಾಯ ಖಾತೆ, ಅವಧಿಗೆ ಕಟ್ಟಿಹಾಕಿದ ಎಫ್‌.ಡಿ., 3 ಕೋಟಿ ರೂಪಾಯಿ ಮತ್ತು ಅದಕ್ಕೂ ಮೀರಿದ ಬೃಹತ್ ಠೇವಣಿ, ಪೇಟೆಯಲ್ಲಿ ಮಾರುವ ಠೇವಣಿ ಪತ್ರ, ಬಾಂಡು, ನಬಾರ್ಡ್ ಕೊಡುವ ಮರುಹಣಕಾಸು, ಇತರ ಬ್ಯಾಂಕುಗಳಿಂದ ಒಂದು ರಾತ್ರಿಗೆ ತರುವ ಕೈಗಡ, ಕೊನೆಯಲ್ಲಿ ರಿಸರ್ವ್ ಬ್ಯಾಂಕ್. ಸರ್ಕಾರಿ ಸಾಲಪತ್ರಗಳನ್ನು ಒತ್ತೆಯಿಟ್ಟು ರಿಸರ್ವ್ ಬ್ಯಾಂಕಿನಿಂದ ಹಣ ತರುವಾಗ ತೆರಬೇಕಾದ ಬಡ್ಡಿಯೇ ರೆಪೊ ದರ. ವಾಸ್ತವದಲ್ಲಿ ಬ್ಯಾಂಕುಗಳು ಹೀಗೆ ತರುವ ಹಣ ಅವು ಹೊಂದಿಸುವ ಒಟ್ಟು ಹಣದಲ್ಲಿ ತೀರಾ ಸಣ್ಣ ಪಾಲು. ಚಿತ್ರದುರ್ಗದ ಬಿ.ಡಿ. ರಸ್ತೆಯ ಶಾಖೆಯಾಗಲಿ, ಬೆಂಗಳೂರಿನ ಕೇಂದ್ರ ಕಚೇರಿಯಾಗಲಿ, ನಮ್ಮ ಬ್ಯಾಂಕುಗಳು ಮುಖ್ಯವಾಗಿ ಬದುಕುವುದು ಜನರ ಠೇವಣಿಯ ಮೇಲೆ. ಠೇವಣಿಯ ಬೆಲೆ ಬದಲಾಗದೆ ರೆಪೊ ಬದಲಾದರೆ ಬ್ಯಾಂಕಿನ ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ.

ಜನರ ಸಣ್ಣ ಹಣವೇ ಬ್ಯಾಂಕಿನ ಭದ್ರವಾದ ಆಧಾರ ಎಂಬುದನ್ನು ಕರ್ನಾಟಕದ ಬ್ಯಾಂಕುಗಳು ಬಹಳ ಮೊದಲೇ ಕಂಡುಕೊಂಡಿದ್ದವು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಏಜೆಂಟನು ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂದು ದಿನಕ್ಕೆ ಎರಡಾಣೆ ಪಡೆದು ಹೋಗುತ್ತಿದ್ದ. ಟಿ.ಎಂ.ಎ. ಪೈ ಅವರ ಈ ಯೋಜನೆಯನ್ನು ಉಳಿತಾಯದ ಚಳವಳಿಯೆಂದು ಹೊಗಳುವುದು ವಾಡಿಕೆ. ಅದು ಬ್ಯಾಂಕಿನ ದೃಷ್ಟಿಯಿಂದಲೂ ಅಷ್ಟೇ ಚಾಣಾಕ್ಷ ನಡೆಯಾಗಿತ್ತು. ಸಾವಿರಾರು ಸಣ್ಣ ಠೇವಣಿದಾರರು ಒಂದೇ ದಿನ ಬಂದು ಹಣ ಕೇಳುವುದಿಲ್ಲ, ಎಲ್ಲೋ ಅರ್ಧ ಪರ್ಸೆಂಟ್ ಹೆಚ್ಚು ಸಿಗುತ್ತದೆಂದು ಓಡಿಹೋಗುವುದೂ ಇಲ್ಲ. ದೊಡ್ಡ ಠೇವಣಿದಾರನೊಬ್ಬ ಎರಡನ್ನೂ ಮಾಡುತ್ತಾನೆ. ಏಜೆಂಟನ ಕಮಿಷನ್ ಬ್ಯಾಂಕಿಗೆ ಖರ್ಚೇ ಸರಿ, ಆದರೆ ಆ ಖರ್ಚಿಗೆ ಸಿಕ್ಕದ್ದು ಸ್ಥಿರತೆ. ಪಿಗ್ಮಿ ಕಟ್ಟುವ ಪದ್ಧತಿ ಇಂದಿಗೂ ಪಟ್ಟಣಗಳ ಸಹಕಾರ ಸಂಘಗಳಲ್ಲಿ ಉಳಿದಿರುವುದು ಇದೇ ಕಾರಣಕ್ಕೆ.

ಠೇವಣಿಯಾಗಿ ಬಂದ ಹಣವೆಲ್ಲ ಸಾಲಕ್ಕೆ ಸಿಗುವುದೂ ಇಲ್ಲ. ನೂರು ರೂಪಾಯಿ ಬಂದರೆ ಅದರಲ್ಲಿ ಒಂದು ಪಾಲನ್ನು ನಗದು ಮೀಸಲಾಗಿ ರಿಸರ್ವ್ ಬ್ಯಾಂಕಿನಲ್ಲಿಡಬೇಕು, 18 ರೂಪಾಯಿಯನ್ನು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲಿಡಬೇಕು. ತೊಂಬತ್ತರ ದಶಕದ ಆರಂಭದಲ್ಲಿ ಈ ಎರಡು ಅನುಪಾತಗಳು ಶೇ 15 ಮತ್ತು 38.5ರಷ್ಟಿದ್ದವು. ಬಂದ ಠೇವಣಿಯ ಅರ್ಧಕ್ಕಿಂತ ಹೆಚ್ಚು ಹೀಗೆ ಬಂಧಿಯಾಗಿದ್ದ ಕಾಲದಲ್ಲಿ ಬಡ್ಡಿದರವನ್ನು ಏರಿಳಿಸಿ ಆರ್ಥಿಕತೆಯನ್ನು ನಡೆಸುವ ಮಾತೇ ಇರಲಿಲ್ಲ. ಆಗ ಠೇವಣಿಯ ಬಡ್ಡಿ, ಸಾಲದ ಬಡ್ಡಿ ಎರಡೂ ಆದೇಶದಿಂದ ನಿರ್ಧಾರವಾಗುತ್ತಿದ್ದವು. 1991ರ ನರಸಿಂಹಂ ಸಮಿತಿಯ ವರದಿಯ ಬಳಿಕ ಗಂಟುಗಳು ಒಂದೊಂದಾಗಿ ಸಡಿಲವಾದವು. ಕೊನೆಯವರೆಗೆ ಉಳಿದ ಗಂಟು ಉಳಿತಾಯ ಖಾತೆಯದು. ಅದರ ಬಡ್ಡಿಯನ್ನು ನಿರ್ಧರಿಸುವ ಸ್ವಾತಂತ್ರ್ಯ ಬ್ಯಾಂಕುಗಳಿಗೆ ಸಿಕ್ಕಿದ್ದು 2011ರ ಅಕ್ಟೋಬರ್ 25ರಂದು.

ಸಾಲದ ಬದಿಯ ಕಥೆ ಇನ್ನೂ ಉದ್ದ. 2010ರ ಜುಲೈನಲ್ಲಿ ಮೂಲದರ ಬಂತು, 2016ರ ಏಪ್ರಿಲ್‌ನಲ್ಲಿ ಎಂಸಿಎಲ್‌ಆರ್ ಬಂತು. ಎರಡರಲ್ಲೂ ಬ್ಯಾಂಕು ತನ್ನ ಹಣದ ಖರ್ಚನ್ನು ತಾನೇ ಲೆಕ್ಕ ಹಾಕಿ ಅದರ ಮೇಲೆ ಸಾಲದ ಬಡ್ಡಿ ಕಟ್ಟುತ್ತಿತ್ತು. ರಿಸರ್ವ್ ಬ್ಯಾಂಕ್ ದರ ಇಳಿಸಿದರೆ, ನಮ್ಮ ಹಣದ ಖರ್ಚು ಇನ್ನೂ ಇಳಿದಿಲ್ಲ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. 2017ರಲ್ಲಿ ಜನಕ್ ರಾಜ್ ನೇತೃತ್ವದ ಅಧ್ಯಯನ ಗುಂಪು ಈ ಲೆಕ್ಕದಲ್ಲಿ ಬ್ಯಾಂಕುಗಳಿಗೆ ಬೇಕಾದಂತೆ ಹೊಂದಿಸಿಕೊಳ್ಳಲು ಎಷ್ಟು ಅವಕಾಶವಿದೆ ಎಂಬುದನ್ನು ಬಿಡಿಸಿ ತೋರಿಸಿತು. ಅದರ ಫಲವಾಗಿ 2019ರ ಅಕ್ಟೋಬರ್ 1ರಿಂದ ಹೊಸ ಗೃಹಸಾಲ, ವಾಹನಸಾಲ, ಸಣ್ಣ ಉದ್ಯಮಗಳ ಸಾಲ ಚರದರದ್ದಾದರೆ ಅದನ್ನು ರೆಪೊ ಅಥವಾ ಅಂಥದೇ ಹೊರಗಿನ ಮಾನದಂಡಕ್ಕೆ ಜೋಡಿಸುವುದು ಕಡ್ಡಾಯವಾಯಿತು. ಮೂರು ತಿಂಗಳಿಗೊಮ್ಮೆಯಾದರೂ ದರ ಹೊಂದಿಸಲೇಬೇಕು. 2024ರ ಕೊನೆಯ ಹೊತ್ತಿಗೆ ವಾಣಿಜ್ಯ ಬ್ಯಾಂಕುಗಳ ಚರದರದ ಸಾಲಗಳಲ್ಲಿ ಸುಮಾರು 60 ಪರ್ಸೆಂಟ್ ಈ ಬಗೆಯವು. ಖಾಸಗಿ ಬ್ಯಾಂಕುಗಳಲ್ಲಿ ಈ ಪಾಲು ಹೆಚ್ಚು, ಸರ್ಕಾರಿ ಬ್ಯಾಂಕುಗಳಲ್ಲಿ ಕಡಿಮೆ.

ಸುಧಾರಣೆ ಸಾಲದ ಬದಿಯಲ್ಲಿ ಮಾತ್ರ ಆಯಿತು. ಠೇವಣಿಯ ಬದಿಯನ್ನು ಯಾವುದಕ್ಕಾದರೂ ಜೋಡಿಸುವುದು ಕಡ್ಡಾಯವಾಗಲಿಲ್ಲ.

ಇದರ ಪರಿಣಾಮ ಏನೆಂದು ನೋಡಬೇಕಾದರೆ 2022ಕ್ಕೆ ಹೋಗಬೇಕು. ಆ ವರ್ಷದ ಮೇ 4ರಂದು ಹಣಕಾಸು ನೀತಿ ಸಮಿತಿ ನಿಗದಿತ ವೇಳಾಪಟ್ಟಿಯನ್ನು ಮೀರಿ ಸಭೆ ಸೇರಿ ರೆಪೊವನ್ನು ಶೇ 4ರಿಂದ 4.40ಕ್ಕೆ ಏರಿಸಿತು. 2023ರ ಫೆಬ್ರುವರಿಯ ಹೊತ್ತಿಗೆ ಅದು 6.50 ಮುಟ್ಟಿತ್ತು. ಹತ್ತು ತಿಂಗಳೊಳಗೆ ಎರಡೂವರೆ ಪರ್ಸೆಂಟ್ ಏರಿಕೆ. ರೆಪೊಗೆ ಜೋಡಿಸಿದ ಗೃಹಸಾಲಗಳ ಬಡ್ಡಿ ತಪ್ಪದೆ ಏರಿತು. ಕಂತು ಹೆಚ್ಚಿಸದ ಕಡೆ ಸಾಲದ ಅವಧಿ ವರ್ಷಗಟ್ಟಲೆ ಹಿಗ್ಗಿತು. ಎಫ್‌.ಡಿ. ದರಗಳು ನಿಧಾನವಾಗಿ ಏರಿದವು. ಸ್ಟೇಟ್ ಬ್ಯಾಂಕಿನ ಉಳಿತಾಯ ಖಾತೆಯ ದರ ಮಾತ್ರ 2020ರ ಮೇ ಕೊನೆಯಲ್ಲಿ ಎಲ್ಲಿ ನಿಂತಿತ್ತೋ ಅಲ್ಲೇ, 2.70ರಲ್ಲೇ ಉಳಿಯಿತು. ಬೇರೆ ದೊಡ್ಡ ಬ್ಯಾಂಕುಗಳಲ್ಲೂ ಚಿತ್ರ ಹೆಚ್ಚು ಭಿನ್ನವಾಗಿರಲಿಲ್ಲ. ಸಾಲದಿಂದ ಬರುವ ಬಡ್ಡಿ ತಕ್ಷಣ ಏರಿ, ಠೇವಣಿಗೆ ಕೊಡುವ ಬಡ್ಡಿ ತಡವಾಗಿ ಏರಿದ್ದರಿಂದ ಆ ಅವಧಿಯಲ್ಲಿ ಬ್ಯಾಂಕುಗಳ ಬಡ್ಡಿ ಅಂತರ ಚೆನ್ನಾಗಿ ಹಿಗ್ಗಿತು.

ಎಫ್‌.ಡಿ. ಬಡ್ಡಿ ಏರಿಸುವಾಗಲೂ ಬ್ಯಾಂಕುಗಳು ಅನುಸರಿಸಿದ ಉಪಾಯ ಗಮನಿಸಬೇಕಾದದ್ದು. ಸ್ಟೇಟ್ ಬ್ಯಾಂಕ್ 2023ರಲ್ಲಿ 400 ದಿನಗಳ ‘ಅಮೃತ್ ಕಲಶ್’ ಠೇವಣಿಗೆ ಶೇ 7.10, ಹಿರಿಯ ನಾಗರಿಕರಿಗೆ ಶೇ 7.60 ಬಡ್ಡಿ ಘೋಷಿಸಿತು. 400 ದಿನ, 444 ದಿನ ಎಂಬ ವಿಚಿತ್ರ ಅವಧಿಗಳ ಠೇವಣಿಗಳು ಆಗ ಹಲವು ಬ್ಯಾಂಕುಗಳ ಫಲಕಗಳಲ್ಲಿ ಕಾಣಿಸಿಕೊಂಡವು. ಒಂದು ವರ್ಷದ ಸಾಮಾನ್ಯ ಠೇವಣಿಯ ದರವನ್ನೇ ಏರಿಸಿದರೆ ಮುಗಿದು ನವೀಕರಣಗೊಳ್ಳುವ ಪ್ರತಿಯೊಂದು ಎಫ್‌.ಡಿ.ಗೂ ಹೆಚ್ಚು ಬಡ್ಡಿ ಕೊಡಬೇಕು. ವಿಶೇಷ ಅವಧಿಯೊಂದನ್ನು ತೆರೆದರೆ ಪತ್ರಿಕೆ ಓದುವವರು, ಶಾಖೆಗೆ ಹೋಗಿ ವಿಚಾರಿಸುವವರು ಅದಕ್ಕೆ ಬರುತ್ತಾರೆ, ತಾನಾಗಿಯೇ ನವೀಕರಣವಾಗಲಿ ಎಂದು ಬಿಟ್ಟವರ ಹಣ ಹಳೆಯ ಅವಧಿಯಲ್ಲಿ ಕಡಿಮೆ ದರಕ್ಕೇ ಮುಂದುವರಿಯುತ್ತದೆ. ಇದರಲ್ಲಿ ಕಾನೂನುಬಾಹಿರವಾದದ್ದೇನೂ ಇಲ್ಲ. ಆದರೂ ವಿಚಾರಿಸುವ ಠೇವಣಿದಾರನಿಗೊಂದು ಬೆಲೆ, ವಿಚಾರಿಸದವನಿಗೆ ಇನ್ನೊಂದು ಬೆಲೆ ಎಂಬುದು ಹಣ ಹೊಂದಿಸುವ ತಂತ್ರದ ಭಾಗವೇ ಆಗಿದೆ.

ಅಮೆರಿಕದ ಅರ್ಥಶಾಸ್ತ್ರಜ್ಞರು ಇದನ್ನು ಸಿದ್ಧಾಂತದ ಮಟ್ಟಕ್ಕೆ ಏರಿಸಿದ್ದಾರೆ. ಡ್ರೆಕ್ಸ್ಲರ್, ಸಾವೊವ್, ಷ್ನಾಬ್ಲ್ ಎಂಬ ಮೂವರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕೇಂದ್ರ ಬ್ಯಾಂಕು ದರ ಏರಿಸಿದಾಗ ವಾಣಿಜ್ಯ ಬ್ಯಾಂಕುಗಳು ಠೇವಣಿಯ ದರವನ್ನು ಅಷ್ಟೇ ಏರಿಸುವುದಿಲ್ಲ. ಸ್ಪರ್ಧೆ ಕಡಿಮೆ ಇರುವ ಊರುಗಳಲ್ಲಿ ಈ ಅಂತರ ಇನ್ನೂ ಹೆಚ್ಚು. ಅಂತರ ಹಿಗ್ಗಿದಂತೆ ಎಚ್ಚರದ ಠೇವಣಿದಾರರು ಹಣವನ್ನು ಬೇರೆಡೆಗೆ ಒಯ್ಯುತ್ತಾರೆ, ಬ್ಯಾಂಕುಗಳು ಕಳೆದುಕೊಂಡ ಅಗ್ಗದ ಹಣಕ್ಕೆ ಬದಲಾಗಿ ದುಬಾರಿ ಹಣ ತರಬೇಕಾಗುತ್ತದೆ, ಆದ್ದರಿಂದ ಸಾಲ ಕುಗ್ಗುತ್ತದೆ. ಹಿಂದಿನವರು ಹಣಕಾಸು ನೀತಿಯ ದಾರಿಯನ್ನು ಮೀಸಲು ಅನುಪಾತದ ಮೂಲಕ ವಿವರಿಸುತ್ತಿದ್ದರು. ಈ ಮೂವರು ಅದೇ ದಾರಿಯನ್ನು ಠೇವಣಿಯ ಮೂಲಕ ತೋರಿಸಿದರು. ಸುತ್ತಲ ನಾಲ್ಕೈದು ಹಳ್ಳಿಗೆ ಒಂದೇ ಶಾಖೆ ಇರುವ ಚಿತ್ರದುರ್ಗದಂಥ ಜಿಲ್ಲೆಗೆ ಈ ವಾದ ಸಲೀಸಾಗಿ ಒಗ್ಗುತ್ತದೆ. ಪಿಂಚಣಿ, ಗೃಹಲಕ್ಷ್ಮಿ, ಬೆಳೆವಿಮೆ ಎಲ್ಲವೂ ಆ ಒಂದು ಶಾಖೆಯ ಖಾತೆಗೇ ಬರುವಾಗ ಬಡ್ಡಿ ಸಾಲದೆಂದು ಖಾತೆ ಬದಲಿಸುವವರು ಎಷ್ಟು ಮಂದಿ?

ಅಂಚೆ ಕಚೇರಿ ಇದೆಯಲ್ಲ ಎನ್ನಬಹುದು. ನಿಜ, ಅಂಚೆಯ ಉಳಿತಾಯ ಖಾತೆಗೆ 2011ರ ಡಿಸೆಂಬರ್‌ನಿಂದಲೂ ಶೇ 4 ಬಡ್ಡಿ ಇದೆ. ಅಂಚೆಯ ದರಗಳನ್ನು ಕೇಂದ್ರ ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ, ಅವು ರೆಪೊದ ಹಿಂದೆ ಓಡುವುದಿಲ್ಲ. ದರ ಇಳಿಸಲು ಅಂಚೆಯ ಪೈಪೋಟಿ ಬಿಡುತ್ತಿಲ್ಲ ಎಂದು ಬ್ಯಾಂಕುಗಳು ಬಹಳ ಕಾಲದಿಂದ ದೂರುತ್ತ ಬಂದಿವೆ. ಉಳಿತಾಯ ಖಾತೆಯ ಮಟ್ಟಿಗಂತೂ ಈ ದೂರಿಗೆ ಆಧಾರ ಕಾಣುವುದಿಲ್ಲ. ಒಂದೂವರೆ ಪರ್ಸೆಂಟಿನ ವ್ಯತ್ಯಾಸ ಇದ್ದರೂ ಬ್ಯಾಂಕಿನ ಉಳಿತಾಯ ಖಾತೆಗಳು ಬರಿದಾಗಿಲ್ಲ.

ನಿಜವಾದ ಪೈಪೋಟಿ ಬಂದದ್ದು ನಗರಗಳಲ್ಲಿ, ಅದೂ ಮ್ಯೂಚುವಲ್ ಫಂಡ್ ಮತ್ತು ಷೇರುಪೇಟೆಯಿಂದ. 2024ರ ಏಪ್ರಿಲ್‌ನಲ್ಲಿ ಎಸ್‌ಐಪಿ ಮೂಲಕ ತಿಂಗಳೊಂದಕ್ಕೆ ಹರಿದ ಹಣ ಮೊದಲ ಸಲ 20,000 ಕೋಟಿ ರೂಪಾಯಿ ದಾಟಿತು. ಆ ವರ್ಷದ ಆಗಸ್ಟ್ ನೀತಿಯಲ್ಲಿ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಮನೆವಾರ್ತೆಯ ಉಳಿತಾಯ ಬ್ಯಾಂಕುಗಳಿಂದ ಬೇರೆಡೆಗೆ ಸರಿಯುತ್ತಿದೆ, ಬ್ಯಾಂಕುಗಳು ಅಲ್ಪಾವಧಿಯ ಸಗಟು ಹಣದ ಮೇಲೆ ಹೆಚ್ಚು ಆತುಕೊಳ್ಳುತ್ತಿವೆ ಎಂದು ಎಚ್ಚರಿಸಿದರು. ಅದರ ಹಿಂದಿನ ವರ್ಷ ಜುಲೈ 1ರಂದು ಗೃಹಸಾಲದ ಎಚ್‌ಡಿಎಫ್‌ಸಿ ಸಂಸ್ಥೆ ಎಚ್‌ಡಿಎಫ್‌ಸಿ ಬ್ಯಾಂಕಿನಲ್ಲಿ ವಿಲೀನವಾದಾಗ ಇದೇ ತೊಂದರೆ ದೊಡ್ಡ ಪ್ರಮಾಣದಲ್ಲಿ ಎದುರಾಯಿತು. ಬಾಂಡು ಮತ್ತು ಸಾಲಗಳಿಂದ ನಡೆದಿದ್ದ ಸಂಸ್ಥೆಯ ಭಾರಿ ಸಾಲಗಳೆಲ್ಲ ಬ್ಯಾಂಕಿನ ಲೆಕ್ಕಕ್ಕೆ ಬಂದವು, ಉಳಿತಾಯ ಖಾತೆಗಳು ಬರಲಿಲ್ಲ. ಠೇವಣಿಗಿಂತ ಸಾಲವೇ ಹೆಚ್ಚಾಗಿ, ದೇಶದ ಅತಿದೊಡ್ಡ ಖಾಸಗಿ ಬ್ಯಾಂಕು ಠೇವಣಿ ಹುಡುಕಿಕೊಂಡು ಸಾಲದ ಓಟವನ್ನು ತಗ್ಗಿಸಬೇಕಾಯಿತು. ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಉಳಿತಾಯ ಖಾತೆಗಳ ಕನಿಷ್ಠ ಬಾಕಿಯ ದಂಡವನ್ನು ಪೂರ್ತಿ ಕೈಬಿಟ್ಟದ್ದನ್ನೂ ಈ ಹಿನ್ನೆಲೆಯಲ್ಲೇ ಓದಬೇಕು. ಸಣ್ಣ ಖಾತೆ ಮತ್ತೆ ಬೇಕಾದ ವಸ್ತುವಾಗಿದೆ.

ಜೋಗಿಮಟ್ಟಿಯ ಸಾಲು ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿದವರಿಗೆ ಇನ್ನೊಂದು ತೊಡಕು ಹೊಳೆಯಬಹುದು. ಗಾಳಿ ವಿದ್ಯುತ್ತಿನಲ್ಲಿ ಚಿತ್ರದುರ್ಗ ರಾಜ್ಯದ ಮುಂಚೂಣಿಯ ಜಿಲ್ಲೆಗಳಲ್ಲೊಂದು. ಇಂಥ ಯೋಜನೆಯ ಸಾಲ ತೀರಲು ಹನ್ನೆರಡು, ಹದಿನೈದು ವರ್ಷ ಬೇಕು. ಬ್ಯಾಂಕಿನ ಎಫ್‌.ಡಿ.ಗಳಾದರೋ ಬಹುಪಾಲು ಒಂದರಿಂದ ಮೂರು ವರ್ಷದವು. ಮಧ್ಯದಲ್ಲಿ ದರ ಏರಿದರೆ ಹಳೆಯ ಠೇವಣಿ ಹೋಗಿ ದುಬಾರಿ ಠೇವಣಿ ಬರುತ್ತದೆ, ಸಾಲ ಅಲ್ಲೇ ಇರುತ್ತದೆ. ಏಳು ವರ್ಷಕ್ಕೆ ಕಡಿಮೆಯಿಲ್ಲದ ಅವಧಿಯ ಮೂಲಸೌಕರ್ಯ ಬಾಂಡು ಹೊರಡಿಸಿದರೆ ಆ ಹಣಕ್ಕೆ ಮೀಸಲು ಅನುಪಾತಗಳ ವಿನಾಯಿತಿಯನ್ನು ರಿಸರ್ವ್ ಬ್ಯಾಂಕ್ 2014ರಲ್ಲಿ ಕೊಟ್ಟದ್ದು ಈ ಅವಧಿ ವ್ಯತ್ಯಾಸವನ್ನು ತುಂಬಲೆಂದೇ. ನವೀಕರಿಸಬಹುದಾದ ಇಂಧನಕ್ಕೆಂದೇ 1987ರಲ್ಲಿ ಸ್ಥಾಪನೆಯಾದ ಇರೆಡಾದಂಥ ಸಂಸ್ಥೆಗಳ ಅಗತ್ಯವೂ ಇಲ್ಲೇ ಇದೆ.

ಅವಧಿ ವ್ಯತ್ಯಾಸವನ್ನು ಅಲಕ್ಷಿಸಿದರೆ ಏನಾಗುತ್ತದೆ ಎಂಬುದಕ್ಕೆ 2023ರ ಮಾರ್ಚ್‌ನಲ್ಲಿ ಕುಸಿದ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಸಾಕ್ಷಿ. ಬಡ್ಡಿ ನೆಲಕಚ್ಚಿದ್ದಾಗ ಅದು ದೀರ್ಘಾವಧಿಯ ಸಾಲಪತ್ರ ಕೊಂಡಿತ್ತು. ಠೇವಣಿಯ ಬಹುಪಾಲು ತಂತ್ರಜ್ಞಾನ ಕಂಪನಿಗಳದು, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲು ವಿಮೆಯ ಮಿತಿ ಮೀರಿದ್ದು. ದರ ಏರಿ ಸಾಲಪತ್ರಗಳ ಬೆಲೆ ಬಿದ್ದ ಸುದ್ದಿ ಹಬ್ಬಿದ ಒಂದೇ ದಿನ, ಮಾರ್ಚ್ 9ರಂದು, 42 ಶತಕೋಟಿ ಡಾಲರ್ ಹೊರಹೋಯಿತು. ಮಾರನೆಯ ದಿನ ಬ್ಯಾಂಕು ಮುಚ್ಚಿತು. ಪಿಗ್ಮಿ ಠೇವಣಿಯ ಊರಿನವರಿಗೆ ಈ ಪಾಠ ಹೊಸದಲ್ಲ.

ವಾಣಿಜ್ಯ ಬ್ಯಾಂಕುಗಳಿಂದ ಸಹಕಾರ ರಂಗಕ್ಕೆ ಬಂದರೆ ಬಡ್ಡಿಗಿಂತ ಮೊತ್ತವೇ ಮುಖ್ಯವಾಗುತ್ತದೆ. ಕರ್ನಾಟಕದಲ್ಲಿ ಪ್ರಾಥಮಿಕ ಸಹಕಾರ ಸಂಘಗಳ ಮೂಲಕ ಸಿಗುವ ಅಲ್ಪಾವಧಿ ಬೆಳೆಸಾಲಕ್ಕೆ, ಗಡುವಿನೊಳಗೆ ತೀರಿಸಿದರೆ, ರೈತ ಬಡ್ಡಿ ಕೊಡುವುದಿಲ್ಲ. ಈ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವ ಘೋಷಣೆ 2023ರ ಜುಲೈನ ಬಜೆಟ್‌ನಲ್ಲಿ ಬಂತು. ರೈತನ ಬಡ್ಡಿಯನ್ನು ಸರ್ಕಾರ ತುಂಬಿಕೊಡುವುದರಿಂದ ರೆಪೊ ಏರಿದರೂ ಇಳಿದರೂ ಅವನಿಗೆ ಒಂದೇ. ಹಾಗಾದರೆ ಹಣಕಾಸು ನೀತಿ ಅವನನ್ನು ಮುಟ್ಟುವುದೇ ಇಲ್ಲವೇ? ಮುಟ್ಟುತ್ತದೆ, ಬೇರೆ ಬಾಗಿಲಿನಿಂದ.

ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು ತನ್ನ ಠೇವಣಿಯಿಂದ ಮಾತ್ರ ಬೆಳೆಸಾಲ ಹಂಚಲಾರದು. ಒಂದು ದೊಡ್ಡ ಪಾಲು ನಬಾರ್ಡ್‌ನಿಂದ ರಿಯಾಯಿತಿ ದರದಲ್ಲಿ, ಅಪೆಕ್ಸ್ ಬ್ಯಾಂಕಿನ ಮೂಲಕ ಬರುತ್ತದೆ. 2023-24ರಲ್ಲಿ ಕರ್ನಾಟಕಕ್ಕೆ ಹೀಗೆ ಮಂಜೂರಾದದ್ದು 5,600 ಕೋಟಿ ರೂಪಾಯಿ. 2024-25ಕ್ಕೆ ನಬಾರ್ಡ್ ಅದನ್ನು 2,340 ಕೋಟಿಗೆ ಇಳಿಸಿತು, ಅಂದರೆ 58 ಪರ್ಸೆಂಟ್ ಕಡಿತ. ರಿಸರ್ವ್ ಬ್ಯಾಂಕಿನಿಂದ ತನಗೆ ಬರುವ ಸಾಲದ ಮಿತಿ ಕಡಿಮೆಯಾದದ್ದೇ ಕಾರಣ ಎಂಬುದು ನಬಾರ್ಡ್‌ನ ಸಮಜಾಯಿಷಿಯಾಗಿತ್ತು. 2024ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ದೆಹಲಿಗೆ ಹೋಗಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರ ಮುಂದೆ ಈ ಕಡಿತದ ವಿಷಯ ಎತ್ತಿದರು. ಬಡ್ಡಿ ಶೂನ್ಯವೇ ಉಳಿಯಿತು, ಹಂಚುವ ಹಣಕ್ಕೆ ಕೊರತೆ ಬಂತು. ಸೊಸೈಟಿಯಲ್ಲಿ ಸಿಗದ ಸಾಲವನ್ನು ರೈತ ಒಡವೆ ಅಡವಿಟ್ಟೋ ಮಂಡಿ ವರ್ತಕನ ಬಳಿಯೋ ತರುತ್ತಾನೆ. ಅಲ್ಲಿಯ ಬಡ್ಡಿ ಶೂನ್ಯವಲ್ಲ. ಹಣಕಾಸು ನೀತಿಯ ಚರ್ಚೆಯಲ್ಲಿ ಎಲ್ಲರೂ ದರದ ಮಾತಾಡುವಾಗ ಚಳ್ಳಕೆರೆಯ ಶೇಂಗಾ ಬೆಳೆಗಾರನಿಗೆ ಆದ ಈ ನಷ್ಟ ಯಾವ ಕೋಷ್ಟಕದಲ್ಲೂ ಸೇರುವುದಿಲ್ಲ. ಇಡೀ ವಿಷಯದಲ್ಲಿ ಅತಿ ಕಡಿಮೆ ಗಮನ ಸಿಕ್ಕಿರುವುದು ಇದಕ್ಕೇ.

ಗ್ರಾಮೀಣ ಬ್ಯಾಂಕುಗಳದು ನಡುವಿನ ಸ್ಥಿತಿ. ಕೆನರಾ ಬ್ಯಾಂಕ್ ಪ್ರಾಯೋಜಿಸಿದ್ದ ಚಿತ್ರದುರ್ಗ ಗ್ರಾಮೀಣ ಬ್ಯಾಂಕ್ 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಅದು 2013ರಲ್ಲಿ ಪ್ರಗತಿ ಕೃಷ್ಣವಾಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. 2025ರ ಮೇ 1ರಿಂದ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿ, ಬಳ್ಳಾರಿಯನ್ನು ಕೇಂದ್ರವಾಗಿಟ್ಟುಕೊಂಡು ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು ಉಳಿಯಿತು. ದೇಶದ ಗ್ರಾಮೀಣ ಬ್ಯಾಂಕುಗಳ ಠೇವಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ಚಾಲ್ತಿ ಮತ್ತು ಉಳಿತಾಯ ಖಾತೆಗಳದು. ಅಗ್ಗದ ಹಣದಲ್ಲಿ ಇವಕ್ಕೆ ಸಾಟಿಯಿಲ್ಲ. ಆದರೂ ತುರ್ತಿಗೆ ರಿಸರ್ವ್ ಬ್ಯಾಂಕಿನಿಂದ ರೆಪೊ ದರದಲ್ಲಿ ಹಣ ತರುವ ಅವಕಾಶ ಇವಕ್ಕೆ ಘೋಷಣೆಯಾದದ್ದು 2020ರ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಹಣಕಾಸು ನೀತಿ ನೇರವಾಗಿ ಮಾತನಾಡುವ ಬ್ಯಾಂಕುಗಳ ಪಟ್ಟಿಯಲ್ಲೇ ಇವು ಇರಲಿಲ್ಲ.

ಈಗ 2025ಕ್ಕೆ ಮರಳಬಹುದು. ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರೆಪೊ 6.50ರಿಂದ 5.25ಕ್ಕೆ ಇಳಿಯಿತು. ಈ ಸಲ ಇಕ್ಕಟ್ಟು ಬ್ಯಾಂಕುಗಳದು. ರೆಪೊಗೆ ಜೋಡಿಸಿದ ಸಾಲಗಳ ಬಡ್ಡಿ ಕೂಡಲೇ ಇಳಿಯುತ್ತದೆ, ಏಳು ಪರ್ಸೆಂಟಿಗೆ ಒಪ್ಪಿ ತೆಗೆದುಕೊಂಡ ಎಫ್‌.ಡಿ.ಗಳಿಗೆ ಅವಧಿ ಮುಗಿಯುವವರೆಗೆ ಏಳೇ ಕೊಡಬೇಕು. ರಾತ್ರೋರಾತ್ರಿ ಬೆಲೆ ಇಳಿಸಬಹುದಾದ ಠೇವಣಿ ಒಂದೇ, ಉಳಿತಾಯ ಖಾತೆ. ಐದು ವರ್ಷ ಅಲುಗಾಡದೆ ನಿಂತಿದ್ದ ಸ್ಟೇಟ್ ಬ್ಯಾಂಕಿನ ಉಳಿತಾಯ ದರ ಜೂನ್ ತೀರ್ಮಾನದ ಹತ್ತು ದಿನದೊಳಗೆ ಇಳಿದದ್ದರ ಗುಟ್ಟು ಇದು. ರಿಸರ್ವ್ ಬ್ಯಾಂಕ್ ಬ್ಯಾಂಕುಗಳ ಇಕ್ಕಟ್ಟನ್ನು ಅರಿತೇ ಅಂದು ನಗದು ಮೀಸಲನ್ನೂ ನಾಲ್ಕು ಕಂತುಗಳಲ್ಲಿ ಶೇ 4ರಿಂದ 3ಕ್ಕೆ ಇಳಿಸುವುದಾಗಿ ಪ್ರಕಟಿಸಿತು. ಬಡ್ಡಿಯಿಲ್ಲದೆ ಕೂತಿದ್ದ ಸುಮಾರು 2.5 ಲಕ್ಷ ಕೋಟಿ ರೂಪಾಯಿ ಹಾಗೆ ಬ್ಯಾಂಕುಗಳ ಕೈಗೆ ಮರಳಿತು.

ಉಳಿತಾಯ ಖಾತೆಯನ್ನೂ ರೆಪೊಗೆ ಜೋಡಿಸಿದರೆ ನ್ಯಾಯ ಸಿಗುತ್ತದೆಯೇ? ಇದರ ಪ್ರಯೋಗ ಒಮ್ಮೆ ನಡೆದಿದೆ. ಸ್ಟೇಟ್ ಬ್ಯಾಂಕ್ 2019ರ ಮೇ 1ರಿಂದ 1 ಲಕ್ಷ ರೂಪಾಯಿ ಮೀರಿದ ಉಳಿತಾಯ ಖಾತೆಗಳಿಗೆ ರೆಪೊಗಿಂತ 2.75 ಕಡಿಮೆ ಎಂಬ ಸೂತ್ರ ತಂದಿತು. 2020ರ ಮಾರ್ಚ್‌ನಲ್ಲಿ ಎಲ್ಲ ಖಾತೆಗಳಿಗೂ ಶೇ 3 ಎಂದು ಘೋಷಿಸಿ ಸೂತ್ರ ಬಿಟ್ಟುಕೊಟ್ಟಿತು. ಅದು ಉಳಿದಿದ್ದರೆ ಏನಾಗುತ್ತಿತ್ತೆಂದು ಲೆಕ್ಕ ಹಾಕುವುದು ಕಷ್ಟವಲ್ಲ. ರೆಪೊ 6.50 ಇದ್ದ ಎರಡು ವರ್ಷ ಠೇವಣಿದಾರನಿಗೆ 3.75 ಸಿಗುತ್ತಿತ್ತು, ಸಿಕ್ಕದ್ದು 2.70. ಆದರೆ ರೆಪೊ ಶೇ 4 ಇದ್ದ 2020-22ರ ಅವಧಿಯಲ್ಲಿ ಸೂತ್ರದಂತೆ ಬರುತ್ತಿದ್ದದ್ದು 1.25 ಮಾತ್ರ, ಬ್ಯಾಂಕು ಕೊಟ್ಟದ್ದು 2.70. ರೆಪೊ 5.25ಕ್ಕೆ ಇಳಿದಾಗ ಸೂತ್ರ ಹೇಳುವ ದರ 2.50, ಬ್ಯಾಂಕು ಕೊಡುವುದೂ ಅಷ್ಟೇ.

ಆದ್ದರಿಂದ ಬ್ಯಾಂಕುಗಳು ಉಳಿತಾಯ ಖಾತೆಯನ್ನು ಸದಾ ದೋಚುತ್ತವೆ ಎಂಬ ಆರೋಪ ನಿಲ್ಲುವುದಿಲ್ಲ. ಕೆಟ್ಟ ಕಾಲದಲ್ಲಿ ಅವು ಒಂದು ಮಟ್ಟಕ್ಕಿಂತ ಕೆಳಗಿಳಿಯಲಿಲ್ಲ. ಆದರೆ ಇಳಿಯದೆ ಕಾಯ್ದದ್ದನ್ನು ಒಳ್ಳೆಯ ಕಾಲದಲ್ಲಿ ಏರಿಸದೆ ವಸೂಲು ಮಾಡಿಕೊಂಡವು, ಯಾವುದನ್ನೂ ಠೇವಣಿದಾರನಿಗೆ ಹೇಳಲಿಲ್ಲ. ಚಿಲ್ಲರೆ ಹಣದುಬ್ಬರ 2022-23ರಲ್ಲಿ ಸರಾಸರಿ 6.7 ಪರ್ಸೆಂಟ್ ಇದ್ದಾಗ 2.70ರ ಬಡ್ಡಿ ಪಡೆದವನ ದುಡ್ಡು ಕರಗಿದ್ದಂತೂ ನಿಜ. ಕನಿಷ್ಠ 2.50ರ ಕೆಳಮಿತಿ ಇಟ್ಟು, ಅದರ ಮೇಲೆ ರೆಪೊಗೆ ಜೋಡಿಸುವ ಸೂತ್ರ ಬ್ಯಾಂಕುಗಳಿಗೂ ಭಾರವಾಗದು. ಸಾಲಕ್ಕೆ 2019ರಲ್ಲಿ ಕಡ್ಡಾಯ ಮಾಡಿದ ರಿಸರ್ವ್ ಬ್ಯಾಂಕಿಗೆ ಠೇವಣಿಗೂ ಅದನ್ನು ಕಡ್ಡಾಯ ಮಾಡುವ ಅಧಿಕಾರವಿದೆ. ದರ ಏರಿದಾಗ ಸಾಲಗಾರನ ಕಂತು ಹೆಚ್ಚುವುದು ನೀತಿಯ ಯಶಸ್ಸಾದರೆ ಠೇವಣಿದಾರನ ಬಡ್ಡಿ ಹೆಚ್ಚುವುದೂ ಅದರ ಅರ್ಧ ಭಾಗವೇ.

ಅಲ್ಲಿಯವರೆಗೆ ಓದುಗರು ತಾವೇ ಮಾಡಿಕೊಳ್ಳಬಹುದಾದ ಕೆಲಸ ಕೆಲವಿವೆ. ಗೃಹಸಾಲ 2019ಕ್ಕಿಂತ ಹಿಂದಿನದಾದರೆ ಅದು ಇನ್ನೂ ಎಂಸಿಎಲ್‌ಆರ್ ಅಥವಾ ಮೂಲದರದಲ್ಲೇ ಇದೆಯೇ ಎಂದು ಶಾಖೆಯಲ್ಲಿ ಕೇಳಿ, ರೆಪೊಗೆ ಬದಲಿಸಲು ಅರ್ಜಿ ಕೊಡಿ. ದರ ಬದಲಾದಾಗ ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ನಿಮಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ 18ರ ಸುತ್ತೋಲೆ ಹೇಳುತ್ತದೆ. ತಿಂಗಳ ಖರ್ಚಿಗೆ ಮೀರಿದ ಹಣ ಉಳಿತಾಯ ಖಾತೆಯಲ್ಲಿದ್ದರೆ ಅದನ್ನು ಎಫ್‌.ಡಿ.ಗೆ ಹಾಕಿ, ನವೀಕರಣದ ದಿನ ಯಾವ ಅವಧಿಗೆ ಯಾವ ದರ ಇದೆಯೆಂದು ವಿಚಾರಿಸಿಯೇ ಸಹಿ ಮಾಡಿ. ಹಾಗೆಯೇ ವಿಲೀನಕ್ಕೆ ಮೊದಲು ಸಿಂಡಿಕೇಟ್ ಮತ್ತು ಕೆನರಾ ಎರಡರಲ್ಲೂ, ಅಥವಾ ಎರಡು ಗ್ರಾಮೀಣ ಬ್ಯಾಂಕುಗಳಲ್ಲೂ ಹಣ ಹಂಚಿಟ್ಟಿದ್ದವರು ಒಂದು ಸಂಗತಿ ನೆನಪಿಡಬೇಕು: ಠೇವಣಿ ವಿಮೆ 2020ರ ಫೆಬ್ರುವರಿ 4ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಅಸಲು ಬಡ್ಡಿ ಸೇರಿ, 5 ಲಕ್ಷ ರೂಪಾಯಿ. ವಿಲೀನವಾದ ಬ್ಯಾಂಕುಗಳು ಈಗ ಒಂದೇ ಬ್ಯಾಂಕು.